ಚಿತ್ರ ನೋಡಲು ಹೊರಡುವ ಮುನ್ನ: ಶಿಕಾಗೊ, ಡೆಟ್ರಾಯಿಟ್ ಕಲಾಶಾಲೆಗಳಿಗೆ ಒಂದು ಕನ್ನಡ ಕೈಪಿಡಿ



ಸಾಹಿತ್ಯದ ಸಭೆಯಲ್ಲಿ ಆರ್ಟ್ ಮ್ಯೂಸಿಯಂ ಬಗ್ಗೆ ಮಾತೇಕೆ ಎಂದು ಕೆಲವರು ಆಗಲೇ ನನ್ನನ್ನು ಕೇಳಿದ್ದಾರೆ. ನಮ್ಮ ಶಿವರಾಮ ಕಾರಂತರು ಹಾಗೆ ಕೇಳುತ್ತಿರಲಿಲ್ಲ. ಕಾದಂಬರಿ ಬರೆದ ಕೈಯಲ್ಲೇ ಅವರು ಚಿತ್ರ, ಶಿಲ್ಪಗಳ ಬಗ್ಗೆ ಕನ್ನಡದಲ್ಲಿ ಪುಸ್ತಕಗಳನ್ನು ಬರೆದರು. ಊರು ಬಿಟ್ಟು ಯೂರೋಪಿಗೆ ಹೋದಾಗ ‘ಅಪೂರ್ವ ಪಶ್ಚಿಮ’ವನ್ನು ಬರೆದರು. ನೋಡುವುದು ಕೂಡ ಓದಿನಂತೆ ಕಲಿಯಬೇಕಾದ ವಿದ್ಯೆ ಎಂಬ ನಂಬಿಕೆ ಅವರದು. ಆ ನಂಬಿಕೆಯ ನೆರಳಿನಲ್ಲಿ ನಿಂತು ಇವತ್ತು ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಅಪ್ಪ ಅಮ್ಮ, ಅತ್ತೆ ಮಾವ ಊರಿಂದ ಬಂದಾಗ ನಾವು ತೋರಿಸುವ ಜಾಗಗಳ ಪಟ್ಟಿ ಎಲ್ಲರಿಗೂ ಗೊತ್ತು. ನಯಾಗರ, ಅರೋರಾದ ಬಾಲಾಜಿ ದೇವಸ್ಥಾನ, ಎತ್ತರದ ಕಟ್ಟಡದ ತುದಿ, ಔಟ್‌ಲೆಟ್ ಮಾಲ್, ಕಾಸ್ಟ್‌ಕೊ. 2002ರಲ್ಲಿ ಡೆಟ್ರಾಯಿಟ್‌ನಲ್ಲಿ, 2008ರಲ್ಲಿ ಶಿಕಾಗೊದಲ್ಲಿ ಅಕ್ಕ ಸಮ್ಮೇಳನ ನಡೆದಾಗ ಸಾವಿರಾರು ಕನ್ನಡಿಗರು ಈ ಊರುಗಳಿಗೆ ಬಂದರು. ಅವರಲ್ಲಿ ಎಷ್ಟು ಮಂದಿ ಇಲ್ಲಿನ ಕಲಾಶಾಲೆಗಳ ಮೆಟ್ಟಿಲು ಹತ್ತಿರಬಹುದು? ಲೆಕ್ಕ ಇಟ್ಟವರಿಲ್ಲ. ಆದರೆ ಈ ಸಭಾಂಗಣದಲ್ಲೇ ಕೈಯೆತ್ತಿಸಿದರೆ ಅಂದಾಜು ಸಿಕ್ಕೀತು. ಬೇಡ ಬಿಡಿ, ಎತ್ತಿಸುವುದಿಲ್ಲ.

ಹೋಗದಿರುವುದಕ್ಕೆ ಕಾರಣ ಸೋಮಾರಿತನವಲ್ಲ. ‘ನಮಗೆ ಅದೆಲ್ಲ ತಿಳಿಯೋದಿಲ್ಲ’ ಎಂಬ ಸಂಕೋಚ. ಜೊತೆಗೆ, ಒಮ್ಮೆ ಹೋದವರು ಯಾವ ತಯಾರಿಯೂ ಇಲ್ಲದೆ ನಾಲ್ಕು ಗಂಟೆ ನಡೆದು, ಕಾಲು ನೋಯಿಸಿಕೊಂಡು, ಹಸಿದ ಮಕ್ಕಳನ್ನು ಎಳೆದುಕೊಂಡು ಹಿಂತಿರುಗಿ, ‘ಇನ್ನು ಸಾಕು’ ಎಂದುಕೊಂಡಿರುತ್ತಾರೆ. ಎರಡಕ್ಕೂ ಮದ್ದು ಒಂದೇ: ಹೊರಡುವ ಮುನ್ನ ಅರ್ಧ ಗಂಟೆಯ ಯೋಜನೆ.

ದಿನ, ದಾರಿ, ದುಡ್ಡು

ಮೊದಲು ದಿನ. ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಬುಧವಾರ, ಬಾಗಿಲು ಹಾಕಿರುತ್ತದೆ. ಗುರುವಾರ ಸಂಜೆ ಹೆಚ್ಚು ಹೊತ್ತು ತೆರೆದಿರುತ್ತದೆ. ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್‌ಗೆ ಸೋಮವಾರ ರಜೆ. ಅಲ್ಲಿ ಶುಕ್ರವಾರ ರಾತ್ರಿಯವರೆಗೂ ತೆರೆದಿದ್ದು, ಸಂಗೀತವೂ ಇರುತ್ತದೆ. ಈ ವೇಳೆಗಳು ಬದಲಾಗುತ್ತಲೇ ಇರುವುದರಿಂದ ಹೊರಡುವ ಹಿಂದಿನ ದಿನ ಅವರ ಜಾಲತಾಣವನ್ನು ಒಮ್ಮೆ ನೋಡಿ. ಎರಡೂ ಊರನ್ನು ಒಂದೇ ಪ್ರವಾಸದಲ್ಲಿ ಮುಗಿಸುವವರು ಇನ್ನೊಂದು ವಿಷಯ ನೆನಪಿಡಿ: ಶಿಕಾಗೊದಿಂದ ಡೆಟ್ರಾಯಿಟ್‌ಗೆ ಹೋಗುವಾಗ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದೆ. ಐ-94ರಲ್ಲಿ ಸುಮಾರು 280 ಮೈಲಿ ಓಡಿಸಿ ಮೂರು ಗಂಟೆಗೆ ತಲುಪಿದೆವು ಎಂದುಕೊಂಡರೆ ಅಲ್ಲಿ ನಾಲ್ಕಾಗಿರುತ್ತದೆ. ಬಾಗಿಲು ಮುಚ್ಚುವ ಹೊತ್ತು.

ದಾರಿ. ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆಯವರು ಕಾರು ಮರೆಯುವುದು ಒಳ್ಳೆಯದು. ಮೆಟ್ರಾ ರೈಲು ಹತ್ತಿ ಯೂನಿಯನ್ ಸ್ಟೇಷನ್‌ನಲ್ಲಿ ಇಳಿದು, ಆಡಮ್ಸ್ ರಸ್ತೆ ಹಿಡಿದು ಪೂರ್ವಕ್ಕೆ ನೇರ ನಡೆದರೆ ಇಪ್ಪತ್ತು ನಿಮಿಷದಲ್ಲಿ ರಸ್ತೆಯೇ ನಿಮ್ಮನ್ನು ಮ್ಯೂಸಿಯಮ್ಮಿನ ಎದುರು ತಂದು ನಿಲ್ಲಿಸುತ್ತದೆ. ಅಲ್ಲಿ ಹಸಿರುಗಟ್ಟಿದ ಎರಡು ಕಂಚಿನ ಸಿಂಹಗಳು ಕಾದಿರುತ್ತವೆ. ಎಡ್ವರ್ಡ್ ಕೆಮಿಸ್ ಮಾಡಿದ ಈ ಸಿಂಹಗಳು 1894ರಿಂದ ಅಲ್ಲಿವೆ. ಮೆಟ್ಟಿಲು ಹತ್ತಲಾಗದ ಹಿರಿಯರಿದ್ದರೆ ಮನ್ರೋ ರಸ್ತೆಯ ಕಡೆಯ ಮಾಡರ್ನ್ ವಿಂಗ್ ಬಾಗಿಲು ಅನುಕೂಲ. ರೆಂಜೊ ಪಿಯಾನೊ ವಿನ್ಯಾಸ ಮಾಡಿದ ಈ ಭಾಗ ತೆರೆದದ್ದು 2009ರಲ್ಲಿ. ಡೆಟ್ರಾಯಿಟ್‌ನ ಮ್ಯೂಸಿಯಂ ವುಡ್‌ವರ್ಡ್ ಅವೆನ್ಯೂದಲ್ಲಿದೆ. ಅಲ್ಲಿ ಮೆಟ್ಟಿಲು ತಪ್ಪಿಸಬೇಕಾದವರಿಗೆ ಫಾರ್ನ್ಸ್‌ವರ್ತ್ ರಸ್ತೆಯ ಬಾಗಿಲಿದೆ. ಎರಡೂ ಕಡೆ ಗಾಲಿಕುರ್ಚಿ ಉಚಿತವಾಗಿ ಸಿಗುತ್ತದೆ. ‘ನನಗೇನಾಗಿದೆ, ಗಾಲಿಕುರ್ಚಿ ಯಾಕೆ’ ಎಂದು ನಿಮ್ಮ ತಂದೆಯವರು ಗದರುತ್ತಾರೆ. ಆದರೂ ತೆಗೆದುಕೊಳ್ಳಿ. ಖಾಲಿ ಕುರ್ಚಿಯನ್ನು ತಳ್ಳಿಕೊಂಡು ಹೋದರೂ ಸರಿ, ಒಂದು ಗಂಟೆಯ ನಂತರ ಅವರೇ ಕೂರುತ್ತಾರೆ.

ದುಡ್ಡು. ಶಿಕಾಗೊದಲ್ಲಿ ಟಿಕೆಟ್ ದರ ನೀವು ಯಾವ ಊರಿನವರು ಎಂಬುದರ ಮೇಲೆ ನಿಂತಿದೆ. ಶಿಕಾಗೊ ನಗರವಾಸಿಗಳಿಗೆ ಕಡಿಮೆ, ಇಲಿನಾಯ್ ರಾಜ್ಯದವರಿಗೆ ಸ್ವಲ್ಪ ಹೆಚ್ಚು, ಹೊರಗಿನವರಿಗೆ ಅದಕ್ಕೂ ಹೆಚ್ಚು. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ದುಡ್ಡಿಲ್ಲ. ಇಲಿನಾಯ್ ನಿವಾಸಿಗಳಿಗೆ ವರ್ಷದಲ್ಲಿ ಹಲವು ಉಚಿತ ದಿನಗಳಿರುತ್ತವೆ. ಇವು ಹೆಚ್ಚಾಗಿ ಚಳಿಗಾಲದಲ್ಲಿ, ವಾರದ ನಡುವೆ ಬರುತ್ತವೆ. ನಿವೃತ್ತರಾದ ತಂದೆ ತಾಯಿಗೆ ವಾರದ ನಡುವೆಯಾದರೇನು, ಕೊನೆಯಾದರೇನು? ಡೆಟ್ರಾಯಿಟ್‌ನಲ್ಲಿ ವೇನ್, ಓಕ್‌ಲ್ಯಾಂಡ್, ಮಕೋಂಬ್ ಎಂಬ ಮೂರು ಕೌಂಟಿಗಳ ನಿವಾಸಿಗಳಿಗೆ ಪ್ರವೇಶ ಉಚಿತ. ಅಂದರೆ ಕ್ಯಾಂಟನ್, ನೋವೈ, ಟ್ರಾಯ್, ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮವರೆಲ್ಲರೂ ಇದರಲ್ಲಿ ಬಂದರು. ಆ್ಯನ್ ಆರ್ಬರ್‌ನವರು ಬರುವುದಿಲ್ಲ, ಅದು ವಾಶ್ಟನಾ ಕೌಂಟಿ. ಊರಿಂದ ಬಂದ ಅಪ್ಪ ಅಮ್ಮನಿಗೆ ಟಿಕೆಟ್ ಬೇಕೇ ಎಂದು ಮೊದಲೇ ವಿಚಾರಿಸಿ. ಈ ‘ಉಚಿತ’ ಎಂಬ ಮಾತು ಅಷ್ಟು ಸರಳವಲ್ಲ. ಅದರ ಕಥೆಗೆ ಆಮೇಲೆ ಬರುತ್ತೇನೆ.

ಊಟ. ಪುಳಿಯೋಗರೆ ಡಬ್ಬಿಯನ್ನು ಗ್ಯಾಲರಿಯೊಳಗೆ ಬಿಚ್ಚುವ ಹಾಗಿಲ್ಲ. ದೊಡ್ಡ ಚೀಲ, ಕೊಡೆ, ಚಳಿಗಾಲದ ಕೋಟುಗಳನ್ನು ಬಾಗಿಲ ಬಳಿ ಕೊಟ್ಟು ಚೀಟಿ ಪಡೆಯಬೇಕು. ಶಿಕಾಗೊದಲ್ಲಿ ಮಾಡರ್ನ್ ವಿಂಗ್‌ನಿಂದ ಮಿಲೆನಿಯಂ ಪಾರ್ಕ್‌ಗೆ ಕಾಲುಸೇತುವೆಯಿದೆ. ಬೇಸಿಗೆಯಲ್ಲಿ ಅಲ್ಲಿ ಹುಲ್ಲಿನ ಮೇಲೆ ಕೂತು ಊಟ ಮುಗಿಸಬಹುದು. ಡೆಟ್ರಾಯಿಟ್‌ನಲ್ಲಿ ಒಳಗೇ ಕ್ರೆಸ್ಗಿ ಕೋರ್ಟ್ ಎಂಬ ಗಾಜಿನ ಮಾಡಿನ ಅಂಗಳವಿದೆ. ಕಾಫಿ ಹಿಡಿದು ಕೂತರೆ ನಮ್ಮ ತೊಟ್ಟಿಮನೆಯ ನಡುಮನೆಯಲ್ಲಿ ಕೂತ ಹಾಗೆ ಇರುತ್ತದೆ.

ಎರಡು ಗಂಟೆ, ಐದು ಚಿತ್ರ

ಈಗ ಮುಖ್ಯ ಮಾತು. ಶಿಕಾಗೊದ ಸಂಗ್ರಹದಲ್ಲಿ ಸುಮಾರು ಮೂರು ಲಕ್ಷ ವಸ್ತುಗಳಿವೆ. ಡೆಟ್ರಾಯಿಟ್‌ನಲ್ಲಿ 65,000ಕ್ಕೂ ಹೆಚ್ಚು. ಇವುಗಳಲ್ಲಿ ಪ್ರದರ್ಶನಕ್ಕಿಟ್ಟಿರುವುದು ಒಂದು ಪಾಲು ಮಾತ್ರ, ಆ ಪಾಲನ್ನೂ ಒಂದು ದಿನದಲ್ಲಿ ನೋಡಿ ಮುಗಿಸಲಾಗದು. ಮದುವೆ ಊಟದಲ್ಲಿ ಎಲೆಯ ಮೇಲಿನ ಎಲ್ಲವನ್ನೂ ತಿನ್ನಲೇಬೇಕೆಂದು ಹಟ ಹಿಡಿದವನಿಗೆ ಯಾವುದರ ರುಚಿಯೂ ನೆನಪಿರುವುದಿಲ್ಲ. ಐದನ್ನು ಆರಿಸಿ, ಪ್ರತಿಯೊಂದರ ಮುಂದೆ ಹತ್ತು ನಿಮಿಷ ನಿಲ್ಲಿ. ನಡುವಿನ ನಡಿಗೆ ಸೇರಿ ಎರಡು ಗಂಟೆ ಸಾಕು.

ಆರಿಸುವುದು ಹೇಗೆ? ಎರಡೂ ಮ್ಯೂಸಿಯಂಗಳ ಜಾಲತಾಣದಲ್ಲಿ ಪ್ರತಿ ಕೃತಿಯೂ ಈಗ ಪ್ರದರ್ಶನದಲ್ಲಿದೆಯೇ, ಯಾವ ಕೋಣೆಯಲ್ಲಿದೆ ಎಂಬ ವಿವರ ಸಿಗುತ್ತದೆ. ಶಿಕಾಗೊದವರು 2018ರಿಂದ ಹಕ್ಕುಸ್ವಾಮ್ಯ ಮುಗಿದ ಹತ್ತಾರು ಸಾವಿರ ಕೃತಿಗಳ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟಿದ್ದಾರೆ. ಹಿಂದಿನ ರಾತ್ರಿ ಟಿವಿ ಪರದೆಯ ಮೇಲೆ ಐದು ಚಿತ್ರ ಹಾಕಿ, ಮನೆಮಂದಿಯೆಲ್ಲ ಕೂತು ನೋಡಿ. ಜಾತ್ರೆಯ ಜನಸಂದಣಿಯಲ್ಲಿ ಗುರುತಿನ ಮುಖ ಸಿಕ್ಕರೆ ಆಗುವ ಸಂತೋಷ ಮರುದಿನ ಮಕ್ಕಳಿಗೆ ಆಗುತ್ತದೆ.

ಶಿಕಾಗೊಗೆ ನನ್ನ ಪಟ್ಟಿಯಲ್ಲಿ ಮೊದಲನೆಯದು ಜಾರ್ಜ್ ಸೂರಾ ಬರೆದ ‘ಗ್ರಾಂಡ್ ಜಾಟ್ ದ್ವೀಪದಲ್ಲಿ ಒಂದು ಭಾನುವಾರ’. ಸುಮಾರು ಏಳು ಅಡಿ ಎತ್ತರ, ಹತ್ತು ಅಡಿ ಅಗಲದ ಚಿತ್ರ. ಇಡೀ ಚಿತ್ರ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳು ಮತ್ತು ಗೀಟುಗಳಿಂದ ಆದದ್ದು. ನಮ್ಮ ಹೆಂಗಸರಿಗೆ ಚುಕ್ಕಿ ಎಂದರೆ ರಂಗೋಲಿ ನೆನಪಾಗುತ್ತದೆ. ಆದರೆ ವ್ಯತ್ಯಾಸ ನೋಡಿ: ರಂಗೋಲಿಯಲ್ಲಿ ಚುಕ್ಕಿ ಗೆರೆಗೆ ದಾರಿ ತೋರಿಸುತ್ತದೆ, ಇಲ್ಲಿ ಚುಕ್ಕಿಯೇ ಚಿತ್ರ. ಸೂರಾ ಬಣ್ಣಗಳನ್ನು ತಟ್ಟೆಯಲ್ಲಿ ಪೂರ್ತಿ ಕಲಸುವ ಬದಲು ಬೇರೆ ಬೇರೆ ಬಣ್ಣದ ಚುಕ್ಕೆಗಳನ್ನು ಪಕ್ಕಪಕ್ಕ ಇಟ್ಟ. ಕಲಸುವ ಕೆಲಸವನ್ನು ನೋಡುವವರ ಕಣ್ಣಿಗೆ ಬಿಟ್ಟ. ಹತ್ತಿರ ಹೋಗಿ ಚುಕ್ಕಿ ನೋಡಿ, ಹತ್ತು ಹೆಜ್ಜೆ ಹಿಂದೆ ಬಂದು ಹುಲ್ಲು ನೋಡಿ. ಈ ಚಿತ್ರ 1926ರಲ್ಲಿ ಮ್ಯೂಸಿಯಮ್ಮಿಗೆ ಬಂದ ಮೇಲೆ ಒಂದೇ ಒಂದು ಸಲ, 1958ರಲ್ಲಿ, ನ್ಯೂಯಾರ್ಕಿಗೆ ಹೋಗಿತ್ತು. ಅದು ಅಲ್ಲಿದ್ದಾಗಲೇ ಆ ಮ್ಯೂಸಿಯಮ್ಮಿನಲ್ಲಿ ಬೆಂಕಿ ಬಿತ್ತು. ಚಿತ್ರ ಉಳಿದು ಬಂತು. ಆಮೇಲೆ ಅದನ್ನು ಊರು ಬಿಡಿಸಿಲ್ಲ. ಇದನ್ನು ನೋಡಬೇಕೆಂದರೆ ಶಿಕಾಗೊಗೇ ಬರಬೇಕು.

ಎರಡನೆಯದು ಗ್ರಾಂಟ್ ವುಡ್‌ನ ‘ಅಮೆರಿಕನ್ ಗಾಥಿಕ್’, ಕವೆಗೋಲು ಹಿಡಿದ ರೈತ ಮತ್ತು ಪಕ್ಕದ ಹೆಂಗಸು. ಚಿತ್ರಕಾರನಿಗೆ ಹೀಗೆ ನಿಂತುಕೊಟ್ಟವರು ಅವನ ತಂಗಿ ಮತ್ತು ಅವನ ಹಲ್ಲಿನ ಡಾಕ್ಟರು. ಮೂರನೆಯದು ಎಡ್ವರ್ಡ್ ಹಾಪರ್‌ನ ‘ನೈಟ್‌ಹಾಕ್ಸ್’, ನಡುರಾತ್ರಿಯ ಹೋಟೆಲಿನಲ್ಲಿ ಮಾತಿಲ್ಲದೆ ಕೂತ ಮೂವರು ಗಿರಾಕಿಗಳು. ಈ ದೇಶಕ್ಕೆ ಒಂಟಿಯಾಗಿ ಬಂದು, ಮೊದಲ ಚಳಿಗಾಲವನ್ನು ಅಪಾರ್ಟ್‌ಮೆಂಟಿನಲ್ಲಿ ಕಳೆದ ಯಾರಿಗೂ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ. ನಾಲ್ಕನೆಯದು ಮಾರ್ಕ್ ಶಗಾಲ್‌ನ ನೀಲಿ ಗಾಜಿನ ಕಿಟಕಿಗಳು. ಅವುಗಳ ಮುಂದೆ ಸುಮ್ಮನೆ ಕೂರಬೇಕು. ಐದನೆಯದು ನೆಲಮಾಳಿಗೆಯ ಥಾರ್ನ್ ಕೋಣೆಗಳು. ಒಂದು ಅಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ಮಾಡಿದ 68 ಪುಟ್ಟ ಕೋಣೆಗಳು, ಒಳಗೆ ಕುರ್ಚಿ, ದೀಪ, ಜಮಖಾನೆ ಎಲ್ಲ ಇವೆ. ದಸರಾ ಗೊಂಬೆ ಕೂರಿಸುವ ಮನೆಯಿಂದ ಬಂದ ಅಜ್ಜಿಯರು ಮೊಮ್ಮಕ್ಕಳಿಗಿಂತ ಹೆಚ್ಚು ಹೊತ್ತು ಇಲ್ಲಿ ನಿಲ್ಲುವುದನ್ನು ನಾನು ಕಂಡಿದ್ದೇನೆ.

ಚಿತ್ರದ ಪಕ್ಕದ ಚೀಟಿಯನ್ನು ಓದುವ ಒಂದು ಉಪಾಯ ಹೇಳಿಕೊಡುತ್ತೇನೆ. ಚೀಟಿಯ ಕೊನೆಯಲ್ಲಿ ಒಂದು ಸಂಖ್ಯೆ ಇರುತ್ತದೆ. ಸೂರಾನ ಚಿತ್ರಕ್ಕೆ 1926.224, ವುಡ್‌ನದಕ್ಕೆ 1930.934, ಹಾಪರ್‌ನದಕ್ಕೆ 1942.51. ಚುಕ್ಕೆಯ ಮುಂಚಿನ ಅಂಕಿ ಆ ಕೃತಿ ಮ್ಯೂಸಿಯಮ್ಮಿಗೆ ಸೇರಿದ ವರ್ಷ. ವುಡ್ ಮತ್ತು ಹಾಪರ್ ಇಬ್ಬರ ಚಿತ್ರಗಳನ್ನೂ ಅವರು ಬರೆದ ವರ್ಷವೇ ಕೊಂಡರು ಎಂಬುದು ಇದರಿಂದಲೇ ತಿಳಿಯುತ್ತದೆ. ಅಂದರೆ ಆಗಿನ್ನೂ ಬಣ್ಣ ಆರದ ಹೊಸ ಕಲೆಯನ್ನು ನಂಬಿದ ಜನ ಈ ಊರಿನಲ್ಲಿದ್ದರು. ಸಂಖ್ಯೆಯ ಜೊತೆ ‘ಇಂಥವರ ದಾನ’ ಎಂದೋ ‘ಇಂಥ ನಿಧಿಯಿಂದ ಕೊಂಡದ್ದು’ ಎಂದೋ ಇರುತ್ತದೆ. ನಮ್ಮ ದೇವಸ್ಥಾನದ ದತ್ತಿಶಾಸನ ಓದಿದ ಹಾಗೆ ಓದಿ.

ಒಂದು ಹಳೆಯ ಸಭೆ, ಮತ್ತು ಮೂರ್ತಿಗಳ ಕೋಣೆ

ಶಿಕಾಗೊದ ಈ ಕಟ್ಟಡಕ್ಕೆ ನಮ್ಮ ಜೊತೆ ಇನ್ನೊಂದು ನಂಟಿದೆ. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಇಲ್ಲಿಯೇ. ಆ ಪ್ರಯಾಣಕ್ಕೆ ಮೊದಲು ಅವರು ಮೈಸೂರಿಗೆ ಬಂದಿದ್ದರು. ಚಾಮರಾಜೇಂದ್ರ ಒಡೆಯರ್ ಅವರ ಆತಿಥ್ಯ ಪಡೆದಿದ್ದರು. 1894ರ ಜೂನ್‌ನಲ್ಲಿ ಶಿಕಾಗೊದಿಂದಲೇ ಮಹಾರಾಜರಿಗೆ ಕಾಗದ ಬರೆದರು. ಅದೇ ದಿನಾಂಕದಂದು, 2010ರಲ್ಲಿ, ಮುಂಬಯಿಯ ಕಲಾವಿದ ಜಿತೀಶ್ ಕಲ್ಲಟ್ ಇಲ್ಲಿನ ದೊಡ್ಡ ಮೆಟ್ಟಿಲುಗಳ ಮೇಲೆ ವಿವೇಕಾನಂದರ ಭಾಷಣವನ್ನು ವಿದ್ಯುದ್ದೀಪದ ಅಕ್ಷರಗಳಲ್ಲಿ ಬೆಳಗಿಸಿದರು. ಅಕ್ಷರಗಳಿಗೆ ಬಳಸಿದ ಐದು ಬಣ್ಣಗಳು ಅಮೆರಿಕ ಸರ್ಕಾರ ಭಯೋತ್ಪಾದನೆಯ ಎಚ್ಚರಿಕೆಗೆ ಬಳಸುತ್ತಿದ್ದ ಐದು ಬಣ್ಣಗಳೇ. ಅಸಹನೆ ಬೇಡವೆಂದ ಮಾತು 1893ರ ಸೆಪ್ಟೆಂಬರ್ 11ರದು, ಗೋಪುರಗಳು ಉರುಳಿದ್ದು 2001ರ ಸೆಪ್ಟೆಂಬರ್ 11ರಂದು. ಮೆಟ್ಟಿಲು ಹತ್ತುವವರು ಎರಡನ್ನೂ ಒಟ್ಟಿಗೇ ತುಳಿದು ಹೋಗಬೇಕಾಗಿತ್ತು.

ಇನ್ನು ಭಾರತದ ಶಿಲ್ಪಗಳ ಕೋಣೆ, ಆಲ್ಸ್‌ಡಾರ್ಫ್ ಗ್ಯಾಲರಿಗಳು. ಅಲ್ಲಿ ಚೋಳರ ಕಾಲದ ಕಂಚಿನ ನಟರಾಜ ಇದ್ದಾನೆ. ನಾಗಪಟ್ಟಣದಿಂದ ಬಂದ, ಧ್ಯಾನದಲ್ಲಿ ಕೂತ ಕಲ್ಲಿನ ಬುದ್ಧ ಇದ್ದಾನೆ. ನಮ್ಮ ಅತ್ತೆಯವರನ್ನು ಮೊದಲ ಸಲ ಕರೆದುಕೊಂಡು ಹೋದಾಗ ಅವರು ನಟರಾಜನ ಮುಂದೆ ಚಪ್ಪಲಿ ಕಳಚಿ ನಿಂತರು. ಕಾವಲಿನ ಹೆಣ್ಣುಮಗಳು ನೋಡಿದಳು, ಏನೂ ಹೇಳಲಿಲ್ಲ. ಅತ್ತೆ ಕೈಮುಗಿದು, ‘ಇಲ್ಲಿ ಇವನಿಗೆ ಅಭಿಷೇಕ ಯಾರು ಮಾಡ್ತಾರೆ?’ ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಆ ಪ್ರಶ್ನೆ ಮುಗ್ಧ ಪ್ರಶ್ನೆಯಲ್ಲ, ಜಗತ್ತಿನ ಮ್ಯೂಸಿಯಂಗಳೆಲ್ಲ ಇಂದು ಎದುರಿಸುತ್ತಿರುವ ಪ್ರಶ್ನೆ. ಈ ಮೂರ್ತಿ ತನ್ನ ಗುಡಿಯಿಂದ ಇಲ್ಲಿಗೆ ಹೇಗೆ ಬಂತು? ಕೊಟ್ಟವರು ಯಾರು, ಅವರಿಗೆ ಕೊಟ್ಟವರು ಯಾರು? ಇದೇ ಮ್ಯೂಸಿಯಂ 2025ರಲ್ಲಿ, ನಾಗನ ಹೆಡೆಯ ಕೆಳಗೆ ಕೂತ ಹನ್ನೆರಡನೆಯ ಶತಮಾನದ ಬುದ್ಧನೊಬ್ಬನನ್ನು, ಕಠ್ಮಂಡು ಕಣಿವೆಯಿಂದ ಕಳುವಾಗಿ ಬಂದವನೆಂದು ಖಚಿತವಾದ ಮೇಲೆ, ನೇಪಾಳಕ್ಕೆ ಮರಳಿಸಿತು. ಆದ್ದರಿಂದ ಚೀಟಿಯ ಕೊನೆಯ ಸಾಲನ್ನು ಇಲ್ಲಿ ಎರಡು ಸಲ ಓದಿ. ಹಿರಿಯರು ಕೈಮುಗಿದರೆ ಮುಗಿಯಲಿ. ಮುಟ್ಟುವುದು, ಹೂವಿಡುವುದು ಮಾತ್ರ ಬೇಡ ಎಂದು ಮನೆಯಲ್ಲೇ ಮೆಲ್ಲಗೆ ಹೇಳಿಟ್ಟಿರಿ. ಬೆರಳಿನ ಬೆವರು ಕಂಚಿಗೂ ಕಲ್ಲಿಗೂ ಕೆಡುಕು ಮಾಡುತ್ತದೆ ಎಂದರೆ ಅವರು ಒಪ್ಪುತ್ತಾರೆ.

ಡೆಟ್ರಾಯಿಟ್: ಕಾರ್ಖಾನೆಯ ಗುಡಿ

ಡೆಟ್ರಾಯಿಟ್‌ಗೆ ಐದರ ಪಟ್ಟಿ ಬೇಕಾಗಿಲ್ಲ. ಅಲ್ಲಿ ಒಂದು ಅಂಗಳವೇ ಸಾಕು. ಪಾಲ್ ಕ್ರೇ ವಿನ್ಯಾಸದ ಅಮೃತಶಿಲೆಯ ಆ ಕಟ್ಟಡ ತೆರೆದದ್ದು 1927ರಲ್ಲಿ. ಅದರ ನಡುವಿನ ಅಂಗಳದ ನಾಲ್ಕೂ ಗೋಡೆಗಳ ಮೇಲೆ ಮೆಕ್ಸಿಕೊದ ಡಿಯಾಗೊ ರಿವೇರಾ 1932-33ರಲ್ಲಿ 27 ಭಿತ್ತಿಚಿತ್ರಗಳನ್ನು ಬರೆದ. ವಿಷಯ ಡೆಟ್ರಾಯಿಟ್‌ನ ಕೈಗಾರಿಕೆ, ಅದರಲ್ಲೂ ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆ. ದುಡ್ಡು ಕೊಟ್ಟವನು ಹೆನ್ರಿ ಫೋರ್ಡ್‌ನ ಮಗ ಎಡ್ಸೆಲ್ ಫೋರ್ಡ್. ಬರೆದವನು ಕಮ್ಯುನಿಸ್ಟ್. ಆರ್ಥಿಕ ಕುಸಿತದ ಕಾಲ ಅದು. ರಿವೇರಾ ಊರಿಗೆ ಬರುವ ಕೆಲವೇ ವಾರ ಮುಂಚೆ, 1932ರ ಮಾರ್ಚ್‌ನಲ್ಲಿ, ಆ ಕಾರ್ಖಾನೆಯ ಕಡೆಗೆ ಮೆರವಣಿಗೆ ಹೊರಟ ನಿರುದ್ಯೋಗಿ ಕಾರ್ಮಿಕರ ಮೇಲೆ ಗುಂಡು ಹಾರಿ ಸಾವುಗಳಾಗಿದ್ದವು. ಇದನ್ನು ತಿಳಿದುಕೊಂಡು ಗೋಡೆ ನೋಡಿ. ಬಾಗಿದ ಬೆನ್ನುಗಳು, ಎಳೆಯುವ ಕೈಗಳು, ಹಸಿರು ಮಿಶ್ರಿತ ಬೂದುಬಣ್ಣದ ಮುಖಗಳು ಬೇರೆಯಾಗಿಯೇ ಕಾಣುತ್ತವೆ.

ಉತ್ತರದ ಗೋಡೆಯಲ್ಲಿ 1932ರ ಫೋರ್ಡ್ ವಿ-8 ಎಂಜಿನ್ ತಯಾರಾಗುತ್ತಿದೆ. ದಕ್ಷಿಣದ ಗೋಡೆಯಲ್ಲಿ ಕಾರಿನ ಮೈ ಜೋಡಣೆಯಾಗುತ್ತಿದೆ. ಇಷ್ಟೆಲ್ಲ ಯಂತ್ರಗಳ ನಡುವೆ ಮುಗಿದ ಕಾರು ದೂರದಲ್ಲಿ ಚುಕ್ಕೆಯಷ್ಟು ಕಾಣುತ್ತದೆ. ಡೆಟ್ರಾಯಿಟ್ ಸುತ್ತ ನೆಲೆಸಿದ ನಮ್ಮವರಲ್ಲಿ ಬಹಳ ಮಂದಿ ಕಾರು ಕಂಪನಿಗಳ ಎಂಜಿನಿಯರುಗಳು. ‘ನೀನು ಅಲ್ಲಿ ಏನು ಕೆಲಸ ಮಾಡ್ತೀಯೋ?’ ಎಂದು ಅಪ್ಪ ವರ್ಷಗಳಿಂದ ಕೇಳುತ್ತಿರುತ್ತಾರೆ. ಉತ್ತರ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಈ ಎರಕದ ಅಚ್ಚು, ಈ ಒತ್ತುಯಂತ್ರ, ಈ ಕನ್ವೇಯರ್ ಎಂದು ಬೆರಳಿಟ್ಟು ತೋರಿಸಿ. ಮ್ಯೂಸಿಯಮ್ಮಿನಲ್ಲಿ ‘ನನಗೆ ತಿಳಿಯೋದಿಲ್ಲ’ ಎನ್ನುವ ಎಂಜಿನಿಯರ್ ಇಲ್ಲಿ ತಾನೇ ಗೈಡ್ ಆಗುತ್ತಾನೆ.

ಚಿತ್ರದೊಳಗೆ ದಾನಿಯ ಮುಖ ಬರೆಯುವುದು ನಮಗೆ ಹೊಸತಲ್ಲ. ದಕ್ಷಿಣದ ಗೋಡೆಯ ಕೆಳಮೂಲೆಯಲ್ಲಿ ಎಡ್ಸೆಲ್ ಫೋರ್ಡ್ ಮತ್ತು ಆಗಿನ ಮ್ಯೂಸಿಯಂ ನಿರ್ದೇಶಕ ವಿಲಿಯಂ ವ್ಯಾಲೆಂಟೈನರ್ ನಿಂತಿದ್ದಾರೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಛಾವಣಿಯಲ್ಲಿ ಪಲ್ಲಕ್ಕಿಯ ಮೇಲೆ ಹೊರಟ ವಿದ್ಯಾರಣ್ಯರ ಮೆರವಣಿಗೆಯನ್ನು ನೆನೆಸಿಕೊಳ್ಳಿ. ಅದೇ ವಿದ್ಯಾರಣ್ಯರ ಹೆಸರನ್ನು ಶಿಕಾಗೊದ ಕನ್ನಡ ಕೂಟ ಹೊತ್ತಿದೆ. ಅಲ್ಲಿ ಪಲ್ಲಕ್ಕಿ ಹೊತ್ತವರ ಹೆಗಲು ಕಾಣುತ್ತದೆ, ಇಲ್ಲಿ ಎಂಜಿನ್ ಎತ್ತುವವರ ಹೆಗಲು.

1933ರಲ್ಲಿ ಈ ಚಿತ್ರಗಳನ್ನು ಅಳಿಸಿಬಿಡಿ ಎಂಬ ಕೂಗೆದ್ದಿತ್ತು. ಲಸಿಕೆ ಹಾಕಿಸಿಕೊಳ್ಳುವ ಮಗುವಿನ ಒಂದು ಚಿತ್ರದಲ್ಲಿ ಮುಂದೆ ಕುದುರೆ, ದನ, ಕುರಿಗಳಿವೆ. ಅದು ಏಸುವಿನ ಜನನದ ದೃಶ್ಯವನ್ನು ಅಣಕಿಸುತ್ತದೆ ಎಂದು ಧರ್ಮಗುರುಗಳು ಕೋಪಿಸಿಕೊಂಡರು. ಎಡ್ಸೆಲ್ ಫೋರ್ಡ್ ಜಗ್ಗಲಿಲ್ಲ, ಚಿತ್ರ ಉಳಿಯಿತು. 2014ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. ಸಮಯ ಉಳಿದರೆ ವ್ಯಾನ್ ಗೋನ 1887ರ ಸ್ವಂತ ಚಿತ್ರ, ಬ್ರೂಗಲ್‌ನ ‘ಮದುವೆಯ ಕುಣಿತ’, ಮತ್ತು 2018ರಲ್ಲಿ ತೆರೆದ ಏಷ್ಯಾ ವಿಭಾಗವನ್ನು ನೋಡಿ.

ಮಾರಾಟದ ಅಂಚಿಗೆ ಬಂದ ಮನೆ

ಈಗ ಆ ‘ಉಚಿತ’ದ ಕಥೆ. 2012ರ ಆಗಸ್ಟ್‌ನಲ್ಲಿ ಮೂರು ಕೌಂಟಿಗಳ ಮತದಾರರು ಈ ಮ್ಯೂಸಿಯಮ್ಮಿಗಾಗಿ ಆಸ್ತಿ ತೆರಿಗೆ ಕೊಡಲು ಒಪ್ಪಿದರು. ತೆರಿಗೆಗೆ ಒಳಪಡುವ ಒಂದು ಲಕ್ಷ ಡಾಲರ್ ಮೌಲ್ಯಕ್ಕೆ ವರ್ಷಕ್ಕೆ 20 ಡಾಲರ್. ಮಿಶಿಗನ್‌ನಲ್ಲಿ ತೆರಿಗೆಯ ಮೌಲ್ಯ ಮಾರುಕಟ್ಟೆ ಬೆಲೆಯ ಅರ್ಧವನ್ನು ಮೀರದಂತೆ ಲೆಕ್ಕ ಹಾಕುತ್ತಾರೆ. ಹಾಗಾಗಿ ನಾಲ್ಕು ಲಕ್ಷದ ಮನೆಗೆ ಹೆಚ್ಚೆಂದರೆ 40 ಡಾಲರ್. 2020ರಲ್ಲಿ ಮತದಾರರು ಇದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದರು. ನೋವೈ, ಟ್ರಾಯ್‌ನ ಬಂಧುಗಳೇ, ನೀವು ಒಮ್ಮೆಯೂ ಒಳಗೆ ಹೋಗಿರದಿದ್ದರೂ ಟಿಕೆಟಿನ ದುಡ್ಡು ಪ್ರತಿ ವರ್ಷ ಕೊಡುತ್ತಲೇ ಇದ್ದೀರಿ.

ತೆರಿಗೆ ಬಂದ ಮರುವರ್ಷವೇ, 2013ರ ಜುಲೈ 18ರಂದು, ಸುಮಾರು 1,800 ಕೋಟಿ ಡಾಲರ್ ಸಾಲ ಹೊತ್ತ ಡೆಟ್ರಾಯಿಟ್ ನಗರ ದಿವಾಳಿ ಅರ್ಜಿ ಹಾಕಿತು. ಮ್ಯೂಸಿಯಮ್ಮಿನ ಸಂಗ್ರಹ ಆಗ ನಗರದ ಆಸ್ತಿ. ಸಾಲಗಾರರ ಕಣ್ಣು ಗೋಡೆಯ ಮೇಲೆ ಬಿತ್ತು. ಕ್ರಿಸ್ಟೀಸ್ ಹರಾಜು ಕಂಪನಿ ಬಂದು, ನಗರದ ಹಣದಿಂದ ಕೊಂಡ ಕೃತಿಗಳಿಗೆ ಮಾತ್ರ 45 ಕೋಟಿಯಿಂದ 87 ಕೋಟಿ ಡಾಲರ್‌ವರೆಗೆ ಬೆಲೆ ಕಟ್ಟಿತು. ವ್ಯಾನ್ ಗೋ, ಬ್ರೂಗಲ್ ಇಬ್ಬರೂ ಆ ಪಟ್ಟಿಯಲ್ಲಿದ್ದರು.

ಮನೆ ಸಾಲಕ್ಕೆ ದೇವರ ಮನೆಯ ಬೆಳ್ಳಿ ದೀಪ ಮಾರುವುದೇ ಎಂದು ನಾವು ಕೇಳುತ್ತೇವೆ. ಆದರೆ ಇನ್ನೊಂದು ಕಡೆಯನ್ನೂ ನೋಡಬೇಕು. ಅದೇ ನಗರಕ್ಕೆ ಮೂವತ್ತು ವರ್ಷ ದುಡಿದ ಕಸಗುಡಿಸುವವರು, ಗುಮಾಸ್ತರು, ಬಸ್ ಚಾಲಕರ ಪಿಂಚಣಿಯೂ ತೂಗುಯ್ಯಾಲೆಯಲ್ಲಿತ್ತು. ಔಷಧಿಗೆ ದುಡ್ಡಿಲ್ಲದ ಮುದುಕಿಗೆ ಬ್ರೂಗಲ್ ಏನು ಕೊಟ್ಟಾನು? ಕೊನೆಗೆ ಪ್ರತಿಷ್ಠಾನಗಳು, ರಾಜ್ಯ ಸರ್ಕಾರ ಮತ್ತು ಮ್ಯೂಸಿಯಂ ಸೇರಿ 80 ಕೋಟಿ ಡಾಲರ್‌ಗೂ ಹೆಚ್ಚು ಹಣ ಕೂಡಿಸುವ ಒಪ್ಪಂದವಾಯಿತು. ಹಣ ಪಿಂಚಣಿಗೆ, ಕಲೆ ಒಂದು ಸ್ವತಂತ್ರ ಸಂಸ್ಥೆಯ ಒಡೆತನಕ್ಕೆ. 2014ರ ಕೊನೆಗೆ ನಗರ ದಿವಾಳಿಯಿಂದ ಹೊರಬಂತು, ಒಂದು ಚಿತ್ರವೂ ಮಾರಾಟವಾಗಲಿಲ್ಲ. ಆದರೆ ಸಾಮಾನ್ಯ ನೌಕರರ ಪಿಂಚಣಿಯಲ್ಲಿ ಶೇಕಡಾ 4.5 ಕಡಿತವಾಯಿತು, ಬೆಲೆ ಏರಿಕೆಗೆ ತಕ್ಕಂತೆ ಸಿಗುತ್ತಿದ್ದ ಹೆಚ್ಚಳವೂ ನಿಂತುಹೋಯಿತು. ಚಿತ್ರಗಳು ಉಳಿದದ್ದಕ್ಕೆ ಅವರೂ ಬೆಲೆ ತೆತ್ತಿದ್ದಾರೆ. ರಿವೇರಾನ ಗೋಡೆಯ ಕೆಳಗೆ ನಿಂತು ಈ ಕಥೆಯನ್ನು ಹೈಸ್ಕೂಲಿನ ಮಕ್ಕಳಿಗೆ ಹೇಳಿ, ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ಕೇಳಿ. ಕಾರಿನಲ್ಲಿ ಮನೆ ತಲುಪುವವರೆಗೂ ಚರ್ಚೆ ನಿಲ್ಲುವುದಿಲ್ಲ.

ಇದು ಅಮೆರಿಕದ ಕಥೆ ಮಾತ್ರವಲ್ಲ. ಬೆಂಗಳೂರಿನ ಕಸ್ತೂರ ಬಾ ರಸ್ತೆಯಲ್ಲಿ ಕೆ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆ ಇದೆಯಲ್ಲ, ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಒಪ್ಪಂದಕ್ಕೆ ಸರ್ಕಾರ ಮುಂದಾದಾಗ, 2016ರಲ್ಲಿ ಕಲಾವಿದರು ಬೀದಿಗಿಳಿದರು. ಇದು ಎಲ್ಲರ ಮನೆ, ಕಡಿಮೆ ದುಡ್ಡಿನಲ್ಲಿ ಹೊಸಬರು ಚಿತ್ರ ತೂಗುಹಾಕುವ ಜಾಗ ಎಂಬುದು ಅವರ ವಾದ. ಕಲಾಶಾಲೆ ಯಾರದ್ದು ಎಂಬ ಪ್ರಶ್ನೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಒಳಗೆ ಕಾಲಿಡದವರಿಗೆ ಅದಕ್ಕೆ ಉತ್ತರ ಹೇಳುವುದು ಕಷ್ಟ.

ಕನ್ನಡದಲ್ಲಿ ನೋಡುವುದು

ಕೊನೆಯದಾಗಿ ನಮ್ಮ ಭಾಷೆಯ ಮಾತು. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಎಂದರೆ ‘ಊಟ ಆಯ್ತಾ, ಬಾಗಿಲು ಹಾಕು, ಅಜ್ಜಿಗೆ ನಮಸ್ಕಾರ ಮಾಡು’ ಎಂಬಷ್ಟಕ್ಕೆ ನಿಂತುಬಿಡುತ್ತದೆ. ಮಾತಾಡಲು ವಿಷಯ ಬೇಕು, ವಿಷಯ ಎದುರಿಗಿರಬೇಕು. ಚಿತ್ರಕ್ಕಿಂತ ಒಳ್ಳೆಯ ವಿಷಯ ಯಾವುದು? ಸೂರಾನ ಹುಲ್ಲಿನ ಮುಂದೆ ಅಜ್ಜಿಯನ್ನು, ಮೊಮ್ಮಗಳನ್ನು ನಿಲ್ಲಿಸಿ, ಎಷ್ಟು ಹಸಿರು ಕಾಣುತ್ತದೆ ಎಂದು ಕೇಳಿ. ಮೊಮ್ಮಗಳು ‘ಗ್ರೀನ್, ಲೈಟ್ ಗ್ರೀನ್, ಡಾರ್ಕ್ ಗ್ರೀನ್’ ಎನ್ನುತ್ತಾಳೆ. ಐವತ್ತು ವರ್ಷ ಸೀರೆ ಅಂಗಡಿಯಲ್ಲಿ ಕೂತೆದ್ದ ಅಜ್ಜಿ ಗಿಳಿಹಸಿರು, ಎಲೆಹಸಿರು, ಪಾಚಿಹಸಿರು, ಮಾವಿನ ಚಿಗುರು ಎಂದು ಎಣಿಸುತ್ತಾರೆ. ಮುಂದುವರಿದು ಈರುಳ್ಳಿ ಸಿಪ್ಪೆಯ ಬಣ್ಣ, ನವಿಲುಕತ್ತಿನ ಬಣ್ಣ, ಕಾವಿ, ನೇರಳೆ ಎಂದು ಸೇರಿಸುತ್ತಾರೆ. ‘ನಮಗೆ ಇದೆಲ್ಲ ತಿಳಿಯೋದಿಲ್ಲ’ ಎಂದವರ ಬಾಯಲ್ಲಿ ಬಣ್ಣಗಳ ನಿಘಂಟೇ ಇದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದಣಕರ್ ಬರೆದ, ದೀಪ ಹಿಡಿದ ಹೆಣ್ಣಿನ ಮುಂದೆ ಅವರು ಚಿಕ್ಕಂದಿನಲ್ಲಿ ಬಾಯಿಬಿಟ್ಟು ನಿಂತದ್ದು ಆಗ ನೆನಪಾಗುತ್ತದೆ. ಆ ಕಥೆ ಮೊಮ್ಮಗಳಿಗೆ ದಾಟುತ್ತದೆ.

ನಮ್ಮ ಕೂಟಗಳಿಗೆ ನನ್ನದೊಂದು ವಿನಂತಿ. ಯುಗಾದಿ, ದೀಪಾವಳಿ, ಪಿಕ್‌ನಿಕ್‌ಗಳ ಪಟ್ಟಿಗೆ ವರ್ಷಕ್ಕೊಂದು ಮ್ಯೂಸಿಯಂ ದಿನ ಸೇರಿಸಿ. ಹತ್ತು ಜನ ಸಾಕು. ಪ್ರತಿಯೊಬ್ಬರೂ ಒಂದು ಕೃತಿ ಆರಿಸಿ, ಅದರ ಮುಂದೆ ಮೆಲ್ಲನೆಯ ದನಿಯಲ್ಲಿ ಐದು ನಿಮಿಷ ಕನ್ನಡದಲ್ಲಿ ಮಾತಾಡಲಿ. ವಿದ್ವತ್ತು ಬೇಡ, ಕಂಡದ್ದನ್ನು ಹೇಳಿದರೆ ಸಾಕು. ಆ ಹತ್ತು ಮಾತುಗಳನ್ನು ಬರೆದಿಟ್ಟರೆ ನಿಮ್ಮ ಮುಂದಿನ ಸ್ಮರಣ ಸಂಚಿಕೆಗೆ ಹತ್ತು ಲೇಖನ ಸಿಕ್ಕ ಹಾಗೆ.

ಇಂದು ಶನಿವಾರ, ನಾಳೆ ಎರಡೂ ಕಡೆ ಬಾಗಿಲು ತೆರೆದಿರುತ್ತದೆ. ಬೆಳಗಿನ ಗೋಷ್ಠಿ ಮುಗಿಸಿಕೊಂಡೇ ಹೋಗಿ. ಇಲ್ಲದಿದ್ದರೆ ಸಂಘಟಕರು ನನ್ನನ್ನು ಮುಂದಿನ ವರ್ಷ ಕರೆಯುವುದಿಲ್ಲ.